ಪಡಸಾಲೆಯ ಜೋಲಿಗಳು

ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಆರು ಜೋಲಿ ಕಟ್ಟಿದ್ದಳು. ಹಳೆಯ ಸೀರೆಗಳನ್ನು ಎರಡು ಪದರ ಮಾಡಿ ತೊಲೆಗೆ ಬಿಗಿದ ಜೋಲಿಗಳು. ಅವುಗಳಲ್ಲಿ ಮಲಗುತ್ತಿದ್ದ ಮಕ್ಕಳಲ್ಲಿ ನಮ್ಮದು ಒಂದೇ, ಒಂದೂವರೆ ವರ್ಷದ ನನ್ನ ತಮ್ಮ. ಉಳಿದ ಐದೂ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವ ಹೆಣ್ಣುಮಕ್ಕಳ ಕೂಸುಗಳು.

ಅದು ಶುರುವಾದದ್ದು ಒಂದು ಸೋಮವಾರ. ಅವ್ವ ಸೋಮವಾರ ಉಪವಾಸ ಮಾಡುತ್ತಿದ್ದಳು, ಮಠಕ್ಕೆ ಬರಿಗಾಲಲ್ಲಿ ಹೋಗುತ್ತಿದ್ದಳು. ಆವತ್ತು ನಾನೂ ಜೊತೆಗಿದ್ದೆ. ಪೇಟೆಯ ಓಣಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಮೂಗು ಮುಚ್ಚಿಕೊಂಡು ನಡೆಯುತ್ತಿದ್ದೆವು. ಒಂದು ರಾಶಿಯ ಪಕ್ಕ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಕೂಸಿಗೆ ಹಾಲುಣಿಸಲು ಹೆಣಗುತ್ತಿದ್ದಳು. ಅವಳ ಬೆರಳು ತಾಗಿದಲ್ಲೆಲ್ಲ ಉರಿದು ಕೂಸು ಕಿರುಚುತ್ತಿತ್ತು. ತುಟಿ ಕೆಂಪಗೆ ಊದಿತ್ತು.

ಅವ್ವ ನಿಂತಳು. "ಕೈ ತೊಳಕೋಬಾರದೇನವ್ವಾ?"

"ತೊಳದ್ರ ಹೋಗೂದಿಲ್ರೀ ಅಕ್ಕಾರ. ಚರ್ಮದಾಗ ಇಳದೈತಿ."

"ಮನ್ಯಾಗ ಯಾರಿಲ್ಲೇನು?"

"ಯಾರಿದ್ದಾರ್ರೀ. ನಾನs, ಇದು."

ಅವ್ವ ಅಲ್ಲೇ ಬಾಗಿ ಕೂಸನ್ನು ಎತ್ತಿಕೊಂಡಳು. "ನಮ್ಮ ಮನ್ಯಾಗ ಇರತೈತಿ. ಹಸಿವಾದಾಗ ಬಂದು ಕುಡಿಸಿ ಹೋಗು" ಎಂದಳು. ಆವತ್ತು ನಾವು ಮಠದ ತನಕ ಹೋಗಲಿಲ್ಲ.

ವಾರ ಕಳೆಯುವುದರೊಳಗೆ ಇನ್ನೂ ಇಬ್ಬರು ತಾಯಂದಿರು ಬಂದರು, ತಿಂಗಳು ತುಂಬುವಷ್ಟರಲ್ಲಿ ಒಟ್ಟು ಐವರಾದರು. ಮಧ್ಯಾಹ್ನ ಅವರು ಬಂದರೆ ಅವ್ವ ಅವರನ್ನು ಹಿತ್ತಿಲಿಗೆ ಕರೆದೊಯ್ದು ಕೈಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಲ್ಲಿ ಉಜ್ಜಿ, ಮೇಲೆ ಮಜ್ಜಿಗೆ ಸುರಿಯುತ್ತಿದ್ದಳು. ಆಮೇಲೆಯೇ ಕೂಸು ಕೊಡುವುದು. ಅಪ್ಪನ ತಾಯಿ, ನಮ್ಮ ಆಯಿ, ಮೊದಮೊದಲು ಗೊಣಗಿದಳು. "ಯಾರ್ಯಾರವೋ ಕೂಸು ಕಟ್ಕೊಂಡು ಕುಂತೀಯಲ್ಲ, ನಿನಗ ಮೈಯಾಗ ಸೊಕ್ಕು ಎಷ್ಟೈತಿ!" ಆದರೆ ಕೂಸು ಅತ್ತರೆ ಜೋಲಿಯ ಹಗ್ಗ ಜಗ್ಗುವವಳು ಅವಳೇ. ಅಪ್ಪನಿಗೆ ಪೇಟೆಯಲ್ಲಿ ಸಣ್ಣ ಬಟ್ಟೆಯಂಗಡಿ ಇತ್ತು.  ಹಳೆಯ ಸೀರೆ ಹರಿದಾಗ ಅಂಗಡಿಯಿಂದ ಒರಟು ಬಟ್ಟೆಯ ತುಂಡು ತಂದು ಸುಮ್ಮನೆ ಮೂಲೆಯಲ್ಲಿಟ್ಟು ಹೋಗುತ್ತಿದ್ದ.

ಅವ್ವನ ದಿನ ಲಿಂಗಪೂಜೆಯಿಂದ ಶುರುವಾಗುತ್ತಿತ್ತು. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು ಅವಳು ಕೂತಾಗ ನಾವು ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ರೊಟ್ಟಿ ಬಡಿಯುವುದು, ನಮ್ಮ ಜಳಕ, ಆಯಿಯ ಕಾಲಿಗೆ ಎಣ್ಣೆ, ಕೂಸುಗಳು. ಸಂಜೆ ತಾಯಂದಿರು ಕೂಸು ಒಯ್ದ ಮೇಲೆ ಯಾರ ಮನೆಯಲ್ಲಿ ಬಾಣಂತಿಗೆ ಜ್ವರ, ಯಾರ ಮನೆಯಲ್ಲಿ ಮುದುಕಿ ಹಾಸಿಗೆ ಹಿಡಿದಿದ್ದಾಳೆ ಎಂದು ಹುಡುಕಿಕೊಂಡು ಹೋಗುತ್ತಿದ್ದಳು. ಯಾರಾದರೂ ಹೊಗಳಿದರೆ, "ನಂದೇನೈತಿ, ಶಿವ ಮಾಡಸ್ತಾನ" ಎನ್ನುತ್ತಿದ್ದಳು. ತೋರಿಕೆಗೆ ಅಂದ ಮಾತಲ್ಲ ಅದು. ಅವಳು ಹಾಗೆಯೇ ನಂಬಿದ್ದಳು.

ಯುದ್ಧದ ಕಾಲ. ರೇಷನ್ನಿನ ಮುಗ್ಗಲು ಜೋಳ, ಸೀಮೆಎಣ್ಣೆ ಇಲ್ಲದ ಚಿಮಣಿ ದೀಪ. ಅಂಥ ಒಂದು ಬೇಸಿಗೆಯಲ್ಲಿ ಬಾವಿಗಳು ತಳ ಕಂಡವು, ಸ್ಟೇಷನ್ನಿನ ಆಚೆಯ ಗುಡಿಸಲುಗಳಲ್ಲಿ ವಾಂತಿಭೇದಿ ಶುರುವಾಯಿತು. ಬಾವಿಗೆ ಕೆಂಪು ಔಷಧ ಹಾಕಿಸಿದರು. ಅನುಕೂಲವಿದ್ದವರು ಬೇರೆ ಊರಿಗೆ ಹೋದರು. "ನೀನೂ ಮಕ್ಕಳನ್ನ ಕರಕೊಂಡು ರಾಣೆಬೆನ್ನೂರಿಗೆ ಹೋಗು, ನಿನ್ನ ತವರು ಐತೆಲ್ಲ" ಎಂದು ಅಪ್ಪ ಹೇಳಿದ. ಅವ್ವ ಒಪ್ಪಲಿಲ್ಲ. "ಈ ಕೂಸುಗೋಳನ್ನ ಎಲ್ಲಿ ಬಿಡ್ಲಿ?" ಎಂದಳು.

ಅವಳು ಉಪ್ಪು ಹಾಕಿದ ಗಂಜಿ ಮಾಡಿಕೊಂಡು ಆ ಗುಡಿಸಲುಗಳಿಗೆ ಹೋಗತೊಡಗಿದಳು. ಮರಳಿ ಬಂದರೆ ಹಿತ್ತಿಲಲ್ಲೇ ಜಳಕ ಮಾಡಿ, ಸೀರೆ ಬದಲಿಸಿ ಒಳಗೆ ಬರುತ್ತಿದ್ದಳು. ನನಗೆ ಆಗ ಹನ್ನೆರಡು ವರ್ಷ. ನನಗೆ ಅವಳು ಒಂದೇ ಕೆಲಸ ಹೇಳಿದ್ದಳು.

"ಕೂಸುಗೋಳಿಗೆ ಕುಡಿಸೂ ನೀರು ಕುದಿಸಬೇಕು. ಬರೇ ಬೆಚ್ಚಗ ಆದ್ರ ಸಾಲೂದಿಲ್ಲ, ಗುಳ್ಳಿ ಏಳಬೇಕು. ತಿಳೀತಿಲ್ಲೊ?"

ಎಂಟು ಹತ್ತು ದಿನ ನಾನು ತಪ್ಪದೆ ಕುದಿಸಿದೆ. ಒಂದು ದಿನ ಪಕ್ಕದ ಮನೆಯ ಗೆಳತಿ ಕಟ್ಟೆಯ ಮೇಲೆ ಹರಳಾಡಲು ಕರೆದಳು. ಒಲೆಯ ಮುಂದೆ ಕೂತು ಬೆವೆತು ಹೋಗಿದ್ದೆ. ಬೆರಳದ್ದಿ ನೋಡಿದೆ, ಬೆಚ್ಚಗಿತ್ತು. ಇಳಿಸಿ ಮುಚ್ಚಿಟ್ಟು ಆಡಲು ಹೋದೆ. ಮಧ್ಯಾಹ್ನ ಅದೇ ನೀರನ್ನು ನನ್ನ ತಮ್ಮನಿಗೂ, ಎಲ್ಲರಿಗಿಂತ ಮೊದಲು ಬಂದ ಆ ಹೆಣ್ಣುಮಗಳ ಕೂಸಿಗೂ ನಾನೇ ಬಟ್ಟಲಿನಿಂದ ಕುಡಿಸಿದೆ. ಉಳಿದವು ಆಗಲೇ ಮಲಗಿದ್ದವು.

ಮೂರನೆಯ ದಿನ ಬೆಳಿಗ್ಗೆ ಇಬ್ಬರಿಗೂ ವಾಂತಿಭೇದಿ ಹತ್ತಿತು. ಆ ಕೂಸು ಮಧ್ಯಾಹ್ನಕ್ಕೇ ಹೋಯಿತು. ತಾಯಿಯನ್ನು ಪೇಟೆಯಿಂದ ಕರೆತರುವಷ್ಟರಲ್ಲಿ ಅದರ ಕಣ್ಣುಗಳು ಒಳಗೆ ಹೋಗಿ ನಿಂತಿದ್ದವು. ಅವಳು ಕೈ ತೊಳೆಯದೆಯೇ ಅದನ್ನು ಎತ್ತಿಕೊಂಡಳು. 

"ನಿಮ್ಮನ್ನ ನಂಬಿ ಬಿಟ್ಟಿದ್ನೆಲ್ರೀ ಅಕ್ಕಾರ" ಎಂದಳು. "ನೀರು ಕುದಿಸಿ ಕೊಡ್ತೇನಿ ಅಂದಿದ್ರಿ."

"ಕುದಿಸೇ ಕೊಟ್ಟೇವಿ ತಾಯಿ" ಎಂದು ಅವ್ವ ನನ್ನ ಕಡೆ ತಿರುಗಿದಳು. "ದಿನಾ ಕುದಿಸೀದಿ ಹೌದಿಲ್ಲೊ?"

"ಹೂಂ" ಎಂದೆ. "ಗುಳ್ಳಿ ಎದ್ದಿದ್ವು."

ಮರುದಿನ ಸೂರ್ಯ ಏರುವ ಹೊತ್ತಿಗೆ ತಮ್ಮನೂ ಹೋದ. ಕೊನೆಯತನಕ ಅವ್ವ ಚಮಚದಲ್ಲಿ ಗಂಜಿನೀರು ಬಿಡುತ್ತಲೇ ಇದ್ದಳು. ಗಂಟಲಲ್ಲಿ ಇಳಿಯದೆ ಅದು ಕಟವಾಯಿಯಿಂದ ಹರಿದು ಹೋಗುತ್ತಿತ್ತು. ಅವಳು ಅದನ್ನು ಒರೆಸಿ ಮತ್ತೆ ಬಿಡುತ್ತಿದ್ದಳು. ಅಪ್ಪ ಬಂದು ಅವಳ ಕೈಯಿಂದ ಚಮಚ ತೆಗೆದುಕೊಂಡ.

ಉಳಿದ ನಾಲ್ವರು ತಾಯಂದಿರು ಕೂಸುಗಳನ್ನು ತಿರುಗಿ ತರಲಿಲ್ಲ. ನಾಲ್ಕೈದು ದಿನ ಕಾದು, ಅವ್ವ ಮಣೆಯ ಮೇಲೆ ನಿಂತು ಜೋಲಿಗಳನ್ನು ಒಂದೊಂದಾಗಿ ಬಿಚ್ಚಿದಳು. ನೀರು ಕುದಿಸಿದ್ದೆನೆಂದು ನಾನು ಹೇಳಿದ್ದರಿಂದ ಅವಳಿಗೆ ಉಳಿದದ್ದು ಒಂದೇ ಕಾರಣ. ಆ ರೋಗವನ್ನು ಗುಡಿಸಲುಗಳಿಂದ ತನ್ನ ಕೈಯೇ ಹೊತ್ತು ತಂದಿತು ಎಂದು ಅವಳು ನಿಶ್ಚಯ ಮಾಡಿಕೊಂಡಳು.

ಕೈ ತೊಳೆಯುವುದು ಹೆಚ್ಚಾಯಿತು. ಬೂದಿ ಹಚ್ಚಿ ಉಜ್ಜಿ ಉಜ್ಜಿ ಬೆರಳ ಸಂದುಗಳು ಬಿರಿದವು. ನನ್ನ ತಲೆ ಬಾಚುವುದನ್ನು ಬಿಟ್ಟಳು, ಆ ಕೆಲಸ ಆಯಿಯ ಪಾಲಿಗೆ ಬಂತು. ತಟ್ಟೆಯನ್ನು ನನ್ನ ಮುಂದೆ ನೂಕಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಒಮ್ಮೆ ನಾನು ಹಿಂದಿನಿಂದ ಹೋಗಿ ತಬ್ಬಿಕೊಂಡಾಗ ಬೆಂಕಿ ತಾಗಿದವಳಂತೆ ಕೊಡವಿಕೊಂಡು, "ದೂರ ಸರಿ! ನೀ ಒಬ್ಬಾಕೀನs ಉಳದೀದಿ" ಎಂದಳು.

ಬೆಳಿಗ್ಗೆ ಪೂಜೆಗೆ ಕೂಡುತ್ತಿದ್ದಳು, ಆದರೆ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಇದು ಗೊತ್ತಾಗಿ ಆಯಿ ಮಠದ ಸ್ವಾಮಿಗಳನ್ನು ಮನೆಗೆ ಕರೆಸಿದಳು. ಅವರು ಸಮಾಧಾನವಾಗಿ, "ಶಿವನಿಗೆ ಯಾವ ಕೈಯೂ ಮೈಲಿಗಿ ಅಲ್ಲ ತಂಗಿ" ಎಂದರು.

"ಅವಗ ಅಲ್ರೀ ಬುದ್ಧಿ, ನನಗ" ಎಂದಳು ಅವ್ವ. "ಈ ಕೈ ನೋಡಿದ್ರ ಎರಡೂ ಕೂಸು ಕಾಣ್ತಾವು. ಲಿಂಗ ತಗೊಂಡ್ರ ಆ ಕೂಸುಗೋಳನ್ನ ಎಲ್ಲಿ ಇಡ್ಲಿ?"

ನಾನು ಕಂಬದ ಮರೆಯಲ್ಲಿದ್ದೆ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಹೊಡೆತದ ಹೆದರಿಕೆಯಲ್ಲ, ಅವಳು ನನ್ನನ್ನು ಎಂದೂ ಹೊಡೆದವಳಲ್ಲ. ಅವಳು ನನ್ನನ್ನು ನೋಡುವ ನೋಟ ಬದಲಾದೀತು ಎಂಬ ಹೆದರಿಕೆ.

ಹದಿನೈದಕ್ಕೆ ನನ್ನನ್ನು ಹಾವೇರಿಗೆ ಕೊಟ್ಟರು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅವ್ವ, "ಈ ಮನ್ಯಾಗ ಬ್ಯಾಡ" ಎಂದು ನನ್ನನ್ನು ರಾಣೆಬೆನ್ನೂರಿಗೆ, ಸೋದರಮಾವನ ಮನೆಗೆ ಕಳಿಸಿದಳು. ಊರಿನ ಎಷ್ಟೋ ಬಾಣಂತಿಯರ ಪಕ್ಕ ಕೂತಿದ್ದವಳು ನನ್ನ ಹೆರಿಗೆಗೆ ಬರಲಿಲ್ಲ. ಹೆಣ್ಣುಕೂಸು ಹುಟ್ಟಿದ ಐದನೆಯ ದಿನ ಬೆಳಗಿನ ರೈಲಿಗೆ ಬಂದಳು. ಕೋಣೆಯ ಹೊಸ್ತಿಲ ಹೊರಗೇ ನಿಂತಳು.

"ಒಳಗ ಬಾರವ್ವಾ. ಎತ್ತಿಕೋ" ಎಂದೆ.

"ಅಲ್ಲೇ ಇರಲಿ. ಇಲ್ಲಿಂದ ಕಾಣಾಕತ್ತೈತಿ ನನಗ."

ಅವಳ ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. ಕೈಗಳೆರಡನ್ನೂ ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದಳು. ಆಗ ನನಗೆ ತಡೆಯಲಾಗಲಿಲ್ಲ. "ಅವ್ವಾ, ಆವತ್ತಿನ ನೀರು..." ಎಂದು ಶುರುಮಾಡಿದೆ.

"ಆ ಮಾತು ಬ್ಯಾಡ" ಎಂದು ಅವಳು ತಡೆದಳು. "ಬಾಣಂತಿ ಅಳಬಾರದು. ಹಾಲು ಬತ್ತತಾವು."

 ನಿಲ್ಲಿಸಲು ನನಗೊಂದು ನೆವ ಬೇಕಾಗಿತ್ತು, ಅದನ್ನು ಅವಳೇ ಕೊಟ್ಟಳು. ಸಂಜೆಯ ರೈಲಿಗೆ ಮರಳಿ ಹೋದಳು.

ಮರುವರ್ಷ ಬೇಸಿಗೆಯಲ್ಲಿ ಅವಳು ಜ್ವರದಲ್ಲಿ ತೀರಿಕೊಂಡಳು. ಸುದ್ದಿ ಹಾವೇರಿ ಮುಟ್ಟಿ ನಾನು ಬ್ಯಾಡಗಿಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಪ್ಪ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ.

"ನಿನ್ನ ದಾರಿ ನೋಡಿದ್ವಿ ಮಗಾ. ಬಿಸಲು ಭಾಳ, ಇಡಾಕ ಆಗಲಿಲ್ಲ." ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮತ್ತೆ ಹೇಳಿದ. "ಹೋಗೂ ಮೊದಲ ಕೂಸು ಕಳಕೊಂಡ ಆ ಹೆಣ್ಣುಮಗಳನ್ನ ಕರಸು ಅಂದ್ಲು. ಕರಿಸಿದೆ. ಬಾಗಿಲದಾಗ ಬಂದು ನಿಂತ್ಲು ಆಕಿ. ನಿಮ್ಮವ್ವ ಮಲಗಿದಲ್ಲೇ ಕೈ ಮುಗದು, 'ನನ್ನ ಕೈಲೆ ತಪ್ಪಾತವ್ವಾ' ಅಂದ್ಲು."

"ಆಕಿ ಏನಂದ್ಲು?"

"ಏನೂ ಅನ್ನಲಿಲ್ಲ. ನಿಂತು ನೋಡಿ ಹೋದ್ಲು."

ಮರುದಿನ ಮಗಳನ್ನು ಆಯಿಯ ಹತ್ತಿರ ಬಿಟ್ಟು ಪೇಟೆಗೆ ಹೋದೆ. ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಅಂಗಡಿಯೊಂದರ ಮುಂದೆ ರಾಶಿಯ ಬದಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ವಯಸ್ಸಿಗಿಂತ ಹೆಚ್ಚು ಸೋತಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನನ್ನವ್ವನ ಕೈಯಲ್ಲ, ನನ್ನ ಕೈ. ಅಷ್ಟೇ ಹೇಳಬೇಕಾಗಿದ್ದದ್ದು.

ಅವಳು ತಲೆಯೆತ್ತಿ ನೋಡಿದಳು. ನನ್ನ ಗುರುತು ಹತ್ತಲಿಲ್ಲ.

"ಯಾರು ಬೇಕಾಗಿತ್ರೀ?"

"ಯಾರೂ ಇಲ್ಲ" ಎಂದೆ.

ಅವಳು ಮತ್ತೆ ಕೆಲಸಕ್ಕೆ ಬಾಗಿದಳು. ನಾನು ಮನೆಗೆ ಬಂದೆ. ದಿನಕರ್ಮ ಮುಗಿಯುವ ತನಕ ಇದ್ದೆ, ಅಪ್ಪನಿಗೂ ಹೇಳಲಿಲ್ಲ. ಊರಿಗೆಲ್ಲ ತಾಯಿಯಾಗಿದ್ದ ಹೆಂಗಸು ಕಡೆಗೆ ತನ್ನ ಕೈಗೇ ಹೇಸಿಕೊಂಡು ಹೋದಳು ಎಂದು ಮಾತಾಡಿಸಲು ಬಂದವರು ಮರುಗುತ್ತಿದ್ದರು. ನಾನು ಅವರಿಗೆ ಕುಡಿಯಲು ನೀರು ತಂದುಕೊಡುತ್ತಾ, ಕೇಳಿಸಿಕೊಳ್ಳುತ್ತಾ ಇದ್ದೆ.