ಬೇವಿನ ನೆರಳಿನಲ್ಲಿ ಜಾಗವಿರಲಿಲ್ಲ

ಮಕ್ಕಳೇ, ಮೊನ್ನೆ ಹಿತ್ತಲಿನ ಟೊಮೆಟೊ ಗಿಡಗಳಲ್ಲಿ ಆಡಿ ಬಂದು ನೀವು ನನ್ನ ಸೆರಗಿಗೆ ಕೈ ಒರೆಸಿದಿರಿ. ಆ ಹಸಿರು ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದಳು…

ಆಗ ನಾವಿಬ್ಬರೂ ಕುಷ್ಟಗಿ ಕಡೆಯ ಹೊಲಗಳಲ್ಲಿ ದೊಡ್ಡದೊಂದು ಬೀಜದ ಕಂಪನಿಯ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದೆವು. ಟೊಮೆಟೊ ಮೊಗ್ಗು ಬಿರಿಯುವ ಮೊದಲೇ ಅದರ ಗಂಡು ಭಾಗ ಕಿತ್ತು, ಮರುದಿನ ಬೇರೆ ಜಾತಿಯ ಗಿಡದ ಹೂಪುಡಿ ಮುಟ್ಟಿಸಬೇಕು. ಆ ಪುಡಿ ಹಾಕಿಕೊಳ್ಳಲು ಬೆರಳಿಗೆ ಸಣ್ಣ ಬಟ್ಟಲಿನ ಉಂಗುರ. ಮುಟ್ಟಿಸಿದ್ದರ ಗುರುತಿಗೆ ಹೂವಿನ ಬುಡದ ಎರಡು ಹಸಿರು ಎಸಳು ಕತ್ತರಿಸುತ್ತಿದ್ದೆವು. ಮಧ್ಯಾಹ್ನ ಬೇವಿನ ಕೆಳಗೆ ದುಂಡಗೆ ಕೂತು, ಗಿಡದ ಹಸಿರು ಕಲೆ ಹೋಗದ ಕೈಯಲ್ಲೇ ಒಬ್ಬರ ಬುತ್ತಿ ಒಬ್ಬರು ಹಂಚಿಕೊಂಡು ಉಣ್ಣುತ್ತಿದ್ದೆವು.

ಅಕ್ಕನ ಕೆಲಸ ಮೆಚ್ಚಿ ಕಂಪನಿಯ ಸಾಹೇಬರು ಅವಳನ್ನು ಸೂಪರ್‌ವೈಸರ್ ಮಾಡಿದರು. ಇನ್ನು ಅವಳು ಹೂ ಮುಟ್ಟುವಂತಿಲ್ಲ. ನಮ್ಮ ಸಾಲುಗಳನ್ನು ತಪಾಸಣೆ ಮಾಡಬೇಕು.

"ಏನ ಮೇಡಂ, ಕೈ ಬೆಳ್ಳಗಾಗ್ಯಾವಲ್ಲ! ಗಂಡಗ ಗುರ್ತ ಹತ್ತೀತಿಲ್ಲೋ?" ಎಂದು ನಮ್ಮ ಜೊತೆಗೇ ಕ್ರಾಸಿಂಗ್ ಮಾಡುತ್ತಿದ್ದ ಅವಳ ಗೆಳತಿ ಕಾಡಿದಳು.

"ನಗಬ್ಯಾಡ್ರೆ, ನಾ ನಿಮ್ಮಾಕೀನ ಅದೀನಿ" ಎಂದು ಅಕ್ಕನೂ ನಕ್ಕಳು. ಉಂಗುರ ಮಾತ್ರ ತೆಗೆಯಲಿಲ್ಲ. ಯಾರಾದರೂ ಬಿಟ್ಟ ಹೂ ಕಂಡರೆ, ಹೇಳಲು ಬಾಯಿ ಬಾರದೆ ತಾನೇ ಬಗ್ಗಿ ಮಾಡಿಬಿಡುತ್ತಿದ್ದಳು.

ಒಂದು ದಿನ ಅದೇ ಗೆಳತಿಯ ಸಾಲಿನಲ್ಲಿ ನಿಂತುಬಿಟ್ಟಳು. ಹೂಪುಡಿ ಮುಟ್ಟಿಸದೆ, ತಾನಾಗಿ ಕಟ್ಟಿದ ಕಾಯಿಗೇ ಎಸಳು ಕತ್ತರಿಸಲಾಗಿತ್ತು. ಅಂಥ ಬೀಜ ಕಂಪನಿಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಇಡೀ ಹೊಲದ ಬೀಜವೇ ವಾಪಸ್.

"ಕಿತ್ತು ಒಗದು ಬಿಡ ಯವ್ವಾ. ನಾ ಯಾರಿಗೂ ಹೇಳಂಗಿಲ್ಲ" ಎಂದಳು ಅಕ್ಕ.

"ಕೂಸಿಗೆ ಜ್ವರ ಬಂದು ಎರಡ ದಿನ ಬರಾಕ ಆಗಿಲ್ಲ. ನೀ ನೋಡೇ ಇಲ್ಲಂತ ತಿಳಿ."

ಗೆಳತಿ ಕೀಳಲಿಲ್ಲ. ಅಕ್ಕನೇ ಕಿತ್ತಳು. ಬದುವಿನ ಮೇಲೆ ಬಿದ್ದ ಹಸಿ ಕಾಯಿಯ ಗುಂಪು ಸಾಹೇಬರ ಕಣ್ಣಿಗೆ ಬಿತ್ತು. ಯಾರ ಸಾಲು ಎಂದು ಕೇಳಿದರು. ಅಕ್ಕ ಬೆರಳಿನ ಉಂಗುರ ತಿರುವುತ್ತ ಗೆಳತಿಯ ಹೆಸರು ಹೇಳಿದಳು. ಮರುದಿನದಿಂದ ಗೆಳತಿಗೆ ಕೆಲಸವಿರಲಿಲ್ಲ.

ಗೆಳತಿ ಬಾರದ ಆ ಮೊದಲ ದಿನ ಮಧ್ಯಾಹ್ನ ಅಕ್ಕ ಬುತ್ತಿ ಹಿಡಿದು ಬಂದಾಗ ಹೆಂಗಸರು ಸರಿಯಲಿಲ್ಲ. "ಇಲ್ಲಿ ಜಾಗ ಇಲ್ರಿ ಮೇಡಂ" ಎಂದಳು ಒಬ್ಬಳು. ಅಷ್ಟು ದೊಡ್ಡ ಬೇವಿನ ನೆರಳು… ಅಕ್ಕ ಬದುವಿನ ಬಿಸಿಲಲ್ಲಿ ಕೂತು ರೊಟ್ಟಿ ಮುರಿದಳು. ಮರುದಿನವೂ ಹಾಗೇ. ಬರಬರುತ್ತ ಬುತ್ತಿ ತರುವುದನ್ನೇ ಬಿಟ್ಟಳು. ಸಂಜೆ ಗೋಡೆಯ ಮೇಲಿಂದ ನಾನು ಪಲ್ಯ ಕೊಟ್ಟರೆ ಇಸಿದುಕೊಂಡು ಒಳಗೆ ಹೋಗುತ್ತಿದ್ದಳು.

ನನ್ನ ಎದುರಿಗೇ ಒಮ್ಮೆ ಸಾಹೇಬರನ್ನು ಕೇಳಿದಳು: "ನನ್ನ ಮತ್ತ ಕ್ರಾಸಿಂಗಿಗೇ ಹಾಕ್ರಿ ಸರ."

"ಹಂಗ ಬರಂಗಿಲ್ಲಮ್ಮಾ. ನಿನ್ನ ಸಾಲಿಗೆ ಬ್ಯಾರೇದಾಕಿ ಬಂದಾಳ."

ಮುಂದಿನ ಮಳೆಗಾಲ ಅಕ್ಕ ಜ್ವರ ಬಂದು ಮಲಗಿದಳು. ಮತ್ತೆ ಏಳಲಿಲ್ಲ.

ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ; ಓಣಿಯವರೇ ಬುತ್ತಿ ಒಯ್ಯಬೇಕು. ಹೊಲದ ಹೆಂಗಸರೆಲ್ಲ ಒಯ್ದರು. ಗೆಳತಿ ಎಲ್ಲರಿಗಿಂತ ಮೊದಲು ಬಂದು, ಅಕ್ಕ ಇಷ್ಟಪಟ್ಟು ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದ ಅಗಸಿ ಹಿಂಡಿ ತಂದು ಇಟ್ಟು, ಬಾಗಿಲಲ್ಲೇ ಕೂತುಬಿಟ್ಟಳು. ಪಡಸಾಲೆಯ ತುಂಬ ಬುತ್ತಿಯ ಗಂಟುಗಳು. ಗೋಡೆಯ ಗೂಡಿನಲ್ಲಿ ಅವಳ ಆ ಹೂಪುಡಿಯ ಉಂಗುರ.

ಮೊನ್ನೆ, ಕೈ ತೊಳೆದು ಬನ್ನಿ ಎಂದೆ ನಿಮಗೆ. ತೊಳೆದು, ಉಂಡು, ಮಲಗಿದಿರಿ. ಸೆರಗಿನ ಹಸಿರು ಕಲೆಯನ್ನು ನಾನು ಇನ್ನೂ ಒಗೆದಿಲ್ಲ…