ತಗ್ಗಿಸಿದ ಗಾಡಿಗೆ ಎತ್ತರದ ನೆಲ

ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷದಿಂದ ವೆಲ್ಡಿಂಗ್ ಮಾಡುವ ಆಕೆಯನ್ನು ಎಲ್ಲರೂ ಕರೆಯುವುದು ಕಿಡಿಯಕ್ಕ ಎಂದು. ಕೋಪ ಸದಾ ಮೂಗಿನ ತುದಿಯಲ್ಲೇ. ಆದರೆ ಕೈ ಮಾತ್ರ, ಅಬ್ಬಬ್ಬಾ, ಏನು ಹೇಳೋಣ! ಆಕೆ ಬೆಸೆದ ಬಸ್ಸಿನ ನೆಲ ಬಿಟ್ಟುಕೊಂಡಿತು ಅಂತ ಇವತ್ತಿನವರೆಗೆ ಯಾರೂ ದೂರು ತಂದಿಲ್ಲ.

ಕೆಲಸ ಕಲಿಸಿದವನು ಅಣ್ಣ. ಒಂದು ಕಾಲದಲ್ಲಿ ತಮ್ಮ ಬೀದಿಗೆಲ್ಲ ಅವನೊಬ್ಬನೇ ವೆಲ್ಡರ್. ಈಗ ಬೆರಳು ನಡುಗುತ್ತವೆ, ಬೆಸುಗೆಯ ಗೆರೆ ಸೊಟ್ಟಗಾಗುತ್ತದೆ. ಹಾಗಾಗಿ ತನ್ನ ಹಳೇ ಪಿಕಪ್ ಟ್ರಕ್ಕಿನಲ್ಲಿ ನರ್ಸರಿಯ ಹೂಕುಂಡಗಳನ್ನು ಮನೆಮನೆಗೆ ತಲುಪಿಸುತ್ತಾನೆ.

ಆ ಟ್ರಕ್ಕನ್ನು ಪ್ರಾಯದಲ್ಲಿ ತಾನೇ ತಗ್ಗಿಸಿದ್ದ. ರಸ್ತೆಗೂ ಗಾಡಿಗೂ ನಡುವೆ ಒಂದು ಗೇಣು, ಅಷ್ಟೇ. ಹೋಗುವಾಗ ಜನ ತಿರುಗಿ ನೋಡಬೇಕು ಅನ್ನುವ ಹುಚ್ಚು. ಗಾಡಿ ತಗ್ಗಿಸಿದ ಪುಣ್ಯಾತ್ಮ, ಸಾಮಾನು ಹೇರುವ ಹಿಂಬದಿಯ ನೆಲವನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದ. ಭಾರ ಹೇರಿ ಹೊರಟರೆ ಹಿಂದಿನ ಎರಡು ಚಕ್ರ ಜೋಡಿಸುವ ಆ್ಯಕ್ಸಲ್ ಮೇಲೆದ್ದು ಆ ನೆಲದ ಅಡಿಗೆ ಧಡ್ಡನೆ ಗುದ್ದುತ್ತಿತ್ತು. ಗುದ್ದಿದ ಕಡೆಯೆಲ್ಲ ಬಿರುಕು, ಬಿರುಕಿನಲ್ಲಿ ಕುಂಡಗಳಿಂದ ಸೋರಿದ ನೀರು. ವರ್ಷಗಟ್ಟಲೆ ಹೀಗೆ ನಡೆದು ನೆಲ ತುಕ್ಕು ಹಿಡಿದು ಜರಡಿಯಾಯಿತು. ಒಂದು ದಿನ ದೊಡ್ಡ ಕುಂಡವೊಂದು ತೂತಿನಿಂದ ಇಳಿದು ನಡುರಸ್ತೆಯಲ್ಲಿ ಒಡೆದ ಮೇಲೆ ಅಣ್ಣ ಗಾಡಿಯ ಆಸೆಯನ್ನೇ ಬಿಟ್ಟ.

"ಗುಜರಿಯವನಿಗೆ ಹೇಳಿದ್ದೀನಿ ಕಣೇ," ಎಂದ ತಂಗಿಗೆ. "ಎರಡು ವಾರ ಬಿಟ್ಟು ಸೋಮವಾರ ಬಂದು ಎಳ್ಕೊಂಡು ಹೋಗ್ತಾನೆ."

"ಯಾಕೆ, ನಾನೇನು ಸತ್ತುಹೋಗಿದ್ದೀನಾ? ಎರಡು ವಾರ ಇದೆಯಲ್ಲ, ಧಾರಾಳ ಆಯ್ತು. ಗಾಡಿ ತಗ್ಗಲ್ಲೇ ಇರತ್ತೆ, ಒಳಗಿನ ನೆಲ ಮಾತ್ರ ಮೇಲೇರತ್ತೆ. ಹೊರಗಿಂದ ನೋಡಿದ್ರೆ ನಿನಗೂ ಗೊತ್ತಾಗಬಾರದು, ಹಾಗೆ ಮಾಡ್ತೀನಿ."

ಹೇಳಿದಷ್ಟು ಸಲೀಸೇ? ಡಿಪೋ ಪಾಳಿ ಮುಗಿಸಿ ಮೂರು ಗಂಟೆಗೆಲ್ಲ ಅಣ್ಣನ ಶೆಡ್ಡಿಗೆ ಓಡಿ ಬರುತ್ತಿದ್ದಳು. ಗಾಡಿಯನ್ನು ಜಾಕ್ ಹಾಕಿ ಎತ್ತಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸಿದಳು. ಕೊಳೆತ ತಗಡು ಕತ್ತರಿಸಿ ತೆಗೆಯಲಿಕ್ಕೇ ಮೂರು ದಿನ ಹಿಡಿಯಿತು. ತಲೆಗೂದಲೆಲ್ಲ ತುಕ್ಕಿನ ಪುಡಿ. ಮೊದಲಿದ್ದದ್ದಕ್ಕಿಂತ ಒಂದೂವರೆ ಇಂಚು ಮೇಲೆ ಅಡ್ಡಪಟ್ಟಿಗಳನ್ನು ಕೂರಿಸಿ, ಹೊಸ ತಗಡು ಹಾಸಿ, ಸುತ್ತ ಬೆಸೆದಳು. ಬೆಸುಗೆಯನ್ನು ನೋಡಿದ್ದರೆ ನೀವೂ ಕಣ್ಣರಳಿಸುತ್ತಿದ್ದಿರಿ, ದಾರ ಎಳೆದು ಹೊಲಿದ ಹಾಗಿತ್ತು.

ಎರಡನೇ ವಾರದ ಗುರುವಾರ ಗಾಡಿಯನ್ನು ಕೆಳಗಿಳಿಸಿದರು. ಕಿಡಿಯಕ್ಕ ಬಗ್ಗಿ ನೋಡಿದಳು. ಆ್ಯಕ್ಸಲ್ಲಿಗೂ ಹೊಸ ನೆಲಕ್ಕೂ ನಡುವೆ ಬರೀ ಮೂರು ಬೆರಳು ಜಾಗ! ಭಾರ ಬಿದ್ದರೆ ಮತ್ತೆ ಗುದ್ದುವುದು ಖಂಡಿತ.

ಆದದ್ದಿಷ್ಟೆ. ಸ್ಟ್ಯಾಂಡಿನ ಮೇಲಿರುವ ಗಾಡಿಯ ಚಕ್ರಗಳು ಜೋತುಬಿದ್ದಿರುತ್ತವೆ, ಅವುಗಳ ಜೊತೆ ಆ್ಯಕ್ಸಲ್ಲೂ ಕೆಳಗಿಳಿದಿರುತ್ತದೆ. ಆಕೆ ಅಳತೆ ತೆಗೆದದ್ದು ಆವಾಗ, ಹಾಗಾಗಿ ಜಾಗ ಇದ್ದದ್ದಕ್ಕಿಂತ ಹೆಚ್ಚು ಕಂಡಿತ್ತು. ಡಿಪೋದಲ್ಲಿ ಬಸ್ಸನ್ನು ಯಾರೂ ಎತ್ತುವುದಿಲ್ಲ. ಅದು ರಿಪೇರಿಗೆಂದು ತೋಡಿದ ಗುಂಡಿಯ ಮೇಲೆ ತನ್ನ ಚಕ್ರಗಳಲ್ಲೇ ನಿಂತಿರುತ್ತದೆ, ಇವಳು ಕೆಳಗಿಳಿದು ಅಳೆಯುತ್ತಾಳೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಕೈಕೊಟ್ಟದ್ದು ಇಲ್ಲಿ.

ಅಣ್ಣ ಮೆಲ್ಲಗೆ ಹೇಳಿದ, "ಹೋಗ್ಲಿ ಬಿಡೇ. ನಡುವೆ ಒಂದು ದಪ್ಪ ರಬ್ಬರ್ ತುಂಡು ಇಟ್ಟುಬಿಡು. ಸದ್ದು ಬರಲ್ಲ, ಯಾರಿಗೂ ಕಾಣಲ್ಲ."

"ರಬ್ಬರ್ ಎಷ್ಟು ದಿನ ಬರತ್ತೆ? ಆರು ತಿಂಗಳು! ಆಮೇಲೆ ಮತ್ತೆ ಗುಜರಿಯವನ ನಂಬರ್ ಹುಡುಕ್ತೀಯ. ದೂರ ಸರಿ, ಕಿಡಿ ಬೀಳತ್ತೆ."

ಹಾಗಂದವಳೇ ತನ್ನ ಬೆಸುಗೆಯನ್ನೇ ಕತ್ತರಿಸತೊಡಗಿದಳು. ದಾರಿಯಲ್ಲಿ ಹೋಗುವವರಿಗೆಲ್ಲ ಸುಮ್ಮಸುಮ್ಮನೆ ಬೈದಳು. ಪಕ್ಕದ ಪಂಕ್ಚರ್ ಅಂಗಡಿಯವನಿಗಂತೂ ಎರಡೆರಡು ಸಲ ಬೈಗುಳ ಸಿಕ್ಕಿತು. ಡಿಪೋಗೆ ರಜೆ ಬರೆದು ಹಾಕಿದಳು. ಈ ಸಲ ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿ, ಚಾಸಿಸ್ಸಿನ ಚೌಕಟ್ಟಿನ ಮೇಲೆ ಮರಳಿನ ಚೀಲ ಹೇರಿ ಅಳೆದಳು. ಇನ್ನೂ ಎರಡು ಇಂಚು ಮೇಲಕ್ಕೆ ಹೋಗಬೇಕಿತ್ತು. ಅಡ್ಡಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ, ಉಜ್ಜಿ, ಮತ್ತೆ ಬೆಸೆದಳು.

ಭಾನುವಾರ ಮಧ್ಯಾಹ್ನ ಪರೀಕ್ಷೆ. ಮಣ್ಣು ತುಂಬಿದ ಮೂವತ್ತು ಕುಂಡಗಳನ್ನು ಹೇರಿದರು. ಕಿಡಿಯಕ್ಕ ಹಸಿ ಜೇಡಿಮಣ್ಣಿನ ಉಂಡೆಯೊಂದನ್ನು ಆ್ಯಕ್ಸಲ್ ಮೇಲೆ ಮೆತ್ತಿದಳು. ಆ್ಯಕ್ಸಲ್ ನೆಲಕ್ಕೆ ಬಡಿದರೆ ಉಂಡೆ ಪೂರಾ ಚಪ್ಪಟೆಯಾಗಬೇಕು, ಆಗ ಗಾಡಿಯ ಕಥೆ ಮುಗಿದ ಹಾಗೆ. ಅಣ್ಣ ಗಾಡಿಯನ್ನು ಬೀದಿಯ ರೋಡ್ ಹಂಪಿನ ಮೇಲೆ ಮೂರು ಸಲ ಹತ್ತಿಸಿ ಇಳಿಸಿದ. ಆಕೆ ರಸ್ತೆ ಬದಿ ಬಗ್ಗಿ ಚಕ್ರಗಳನ್ನೇ ನೋಡುತ್ತ ನಿಂತಿದ್ದಳು.

ಗಾಡಿ ನಿಂತ ಕೂಡಲೇ ಅಣ್ಣನೇ ಕೆಳಗೆ ನುಸುಳಿದ. ಎಷ್ಟು ಹೊತ್ತಾದರೂ ಹೊರಗೆ ಬರಲೊಲ್ಲ.

"ಅಲ್ಲೇ ನಿದ್ದೆ ಹೋದ್ಯೇನೋ ಅಣ್ಣಾ?" ಎಂದು ಕೂಗಿದಳು.

ಅಣ್ಣ ಅಂಗೈಯಲ್ಲಿ ಉಂಡೆ ಹಿಡಿದುಕೊಂಡು ಎದ್ದು ಬಂದ. ಉಂಡೆಯ ನೆತ್ತಿ ಒಂದಿಷ್ಟು ಅಮುಕಿಕೊಂಡಿತ್ತು ಅಷ್ಟೇ, ಇನ್ನೂ ಎರಡು ಬೆರಳು ದಪ್ಪ ಉಳಿದಿತ್ತು. ನಡುಗುವ ಬೆರಳಿನಲ್ಲೇ ಗುಜರಿಯವನಿಗೆ ಫೋನ್ ಮಾಡಿ, "ನಾಳೆ ಬರಬೇಡಪ್ಪ, ಗಾಡಿ ಕೊಡಲ್ಲ," ಎಂದ.

ಪಂಕ್ಚರ್ ಅಂಗಡಿಯವನು ಬೈಸಿಕೊಂಡದ್ದನ್ನೆಲ್ಲ ಮರೆತು ಅಣ್ಣನ ಹತ್ತಿರ ಬಂದ. "ಎಷ್ಟಾದ್ರೂ ನಿಮ್ಮ ಕೈಯಲ್ಲಿ ಪಳಗಿದವರಲ್ವಾ. ಎಲ್ಲ ನೀವು ಕಲಿಸಿದ್ದೇ ಬಿಡಿ."

"ಬೆಸೆಯೋದು ನಾನು ಕಲಿಸಿದ್ದು, ಸುಳ್ಳಲ್ಲ," ಎಂದ ಅಣ್ಣ, ಪರೀಕ್ಷೆ ನೋಡಲು ಸೇರಿದವರಿಗೆಲ್ಲ ಕೇಳುವ ಹಾಗೆ. "ಆದ್ರೆ ಅಷ್ಟು ಚೆಂದ ಬೆಸೆದಿದ್ದನ್ನ ತಪ್ಪಾಯ್ತು ಅಂತ ತಾನೇ ಕತ್ತರಿಸಿದ್ಲಲ್ಲ, ಅದು ನಾನು ಕಲಿಸಿದ್ದಲ್ಲ. ಅದು ನನಗೆ ಬರ್ತಿರಲಿಲ್ಲ. ಬಂದಿದ್ರೆ ಈ ನೆಲ ಇಪ್ಪತ್ತು ವರ್ಷದ ಹಿಂದೇನೇ ಮೇಲೇರ್ತಿತ್ತು."

ಕಿಡಿಯಕ್ಕನ ಮುಖ ಹೆಮ್ಮೆಯಿಂದ ಅರಳಿತು. "ಸಾಕು ಬಿಡೋ ಅಣ್ಣಾ, ಮೊದಲು ಕುಂಡ ಇಳಿಸು," ಎಂದು ಅವನಿಗೂ ಬೈದಳು.