ವಾಚರಣ್ಣ ಬೇಡವೆಂದ ಬಟ್ಟೆ

ಮೊನ್ನೆ ಬೆಳಗ್ಗೆ ಗೋಡೌನ್ ಮುಂದೆ ಕೂತು, ಮುಂದಿನ ವಾರದ ಆರ್ಡರ್‌ಗೆಂದು, ಟೆಂಟಿನ ಸುತ್ತ ಗೋಡೆಯ ಹಾಗೆ ಕಟ್ಟುವ ಸೈಡ್‌ವಾಲ್ ಬಟ್ಟೆಗಳನ್ನು ಬಿಡಿಸುತ್ತಿದ್ದೆ. ಹೊನ್ನೂರಿನ ಮದುವೆಯಲ್ಲಿ ಅಡುಗೆ ಶೆಡ್ಡಿಗೆ ಕಟ್ಟಿದ್ದ ಒಂದು ಬಟ್ಟೆಯ ಮೂಲೆ ಅಂಟಂಟಾಗಿತ್ತು. ಮೂಗಿಗೆ ಹಿಡಿದರೆ ಬೆಲ್ಲದ ಪಾಕ. ಪಾಯಸದ ಪಾತ್ರೆ ಉರುಳಿಸಿ, ಒರೆಸದೆ ಮಡಚಿ ಕಳಿಸಿದ್ದಾರೆ ಪುಣ್ಯಾತ್ಮರು. ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಬಿಟ್ಟೆ. ಕೊಳ್ಳೇಗಾಲದಲ್ಲಿ ಶಾಮಿಯಾನ ಅಂಗಡಿ ಇಟ್ಟಿರುವ ನನ್ನನ್ನು ಜನ ಜಗಳಗಂಟ ಅಂತಾರೆ, ಬಾಯಿಬಡುಕ ಅಂತಾರೆ. ಅಂಥ ನಾನು ಒಬ್ಬ ಮನುಷ್ಯನ ವಿಷಯದಲ್ಲಿ ಹೇಳಬೇಕಾಗಿದ್ದ ಒಂದು ಮಾತನ್ನು ಹದಿನೇಳು ವರ್ಷ ನುಂಗಿಕೊಂಡು ಕೂತಿದ್ದೆ...

ಅವನು ಹನೂರು ಕಡೆಯ ಶಾಗ್ಯದವನು, ಅರಣ್ಯ ಇಲಾಖೆಯಲ್ಲಿ ಕಾಡು ಕಾಯುವ ವಾಚರ್. ನನಗಿಂತ ಹತ್ತು ವರ್ಷ ದೊಡ್ಡವನು, ವಾಚರಣ್ಣ ಅನ್ನುತ್ತಿದ್ದೆ. ಕುಳ್ಳ, ಮುಂಗೋಪಿ. ಆನೆ ಲದ್ದಿ ಕಂಡರೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತುಳಿದು ಬಿಸಿ ನೋಡುತ್ತಿದ್ದ. "ಈಗಿನ್ನೂ ಓಗವ್ನೆ" ಅಂದನೆಂದರೆ ನಾವೆಲ್ಲ ಬಾಯಿ ಮುಚ್ಚಿಕೊಂಡು ಹಿಂದೆ ತಿರುಗಬೇಕು, ಅಷ್ಟೆ. ಆನೆಯನ್ನು ಅವನು ಯಾವತ್ತೂ ಆನೆ ಅಂದವನಲ್ಲ, ಮನೆಯವನೊಬ್ಬನ ಹಾಗೆ 'ಅವ್ನು' ಅನ್ನುತ್ತಿದ್ದ.

ಹದಿನೇಳು ವರ್ಷದ ಹಿಂದೆ ಮೈಸೂರಿನ ಒಂದು ಬಳಗ, ಎಂಟು ಜನ, ಬೆಟ್ಟದ ತಪ್ಪಲಲ್ಲಿ ಎರಡು ದಿನ ಟೆಂಟಿನಲ್ಲಿ ಇರಬೇಕು ಅಂದರು. ಒಳಗೆ ಮಂಚ, ಹಾಸಿಗೆ, ನಿಲುವುಗನ್ನಡಿ, ಪರದೆ ಎಲ್ಲ ಇರಬೇಕಂತೆ. ನಮ್ಮ ಕಡೆ ಆಗ ಅದು ಹೊಸ ಶೋಕಿ. ಕಾಡಂಚಿನಲ್ಲಿ ಪರಿಚಯದವರ ಹೊಲ ಗೊತ್ತು ಮಾಡಿದೆ. ವಾಚರಣ್ಣ ರಜೆ ಹಾಕಿ ಜೊತೆಗಿರಲು ಒಪ್ಪಿದ.

ಹನೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ಇಬ್ಬರೂ ಪಟ್ಟಿ ಮಾಡಿದೆವು. ನಾನು ಏನೇನು ಒಯ್ಯಬೇಕು ಅಂತ ಬರೆದರೆ, ಅವನು ಏನೇನು ಒಯ್ಯಬಾರದು ಅಂತ ಹೊಡೆದುಹಾಕಿಸುತ್ತಿದ್ದ. ಬಾಳೆಹಣ್ಣು ಬ್ಯಾಡ. ಅಲಸು ಬ್ಯಾಡ. ಬೆಲ್ಲ ಅಂತೂ ಬ್ಯಾಡವೇ ಬ್ಯಾಡ. ಉಪ್ಪು ಒಂದು ಹಿಡಿ ಸಾಕು.

"ಅವ್ರು ಊಟ ಮಾಡಕ್ ಬತ್ತಾವ್ರೋ ಉಪ್ವಾಸ ಮಾಡಕೋ?" ಅಂತ ಕೆಣಕಿದೆ.

ಅವನು ನಗಲಿಲ್ಲ. "ತಮಾಸೆ ಮಾಡ್ಬ್ಯಾಡ ಕಣ್ಲಾ. ಅವ್ನ ಮೂಗು ನಿನ್ ಮೂಗಿನಂಗಲ್ಲ" ಅಂದ.

ಟೆಂಟು ಕಟ್ಟುವ ದಿನ ಮಧ್ಯಾಹ್ನ ಲಾರಿಯಿಂದ ಇಳಿಸಿದ ಬಟ್ಟೆಗಳನ್ನು ಒಂದೊಂದಾಗಿ ಮೂಸಿದ, ಹಾಲು ಒಡೆದಿದೆಯೋ ಅಂತ ಹೆಂಗಸರು ಮೂಸುವ ಹಾಗೆ. ನನ್ನ ಆಳುಗಳು ಕಿಸಿಕಿಸಿ ನಗುತ್ತಿದ್ದರು, ನನಗೆ ಮೈಯೆಲ್ಲ ಉರಿ. ಒಂದು ಬಟ್ಟೆ ಹಿಡಿದು ನಿಂತುಬಿಟ್ಟ. ಮದುವೆ ಅಡುಗೆ ಶೆಡ್ಡಿನದು. "ಬೆಲ್ಲದ ವಾಸ್ನೆ. ವಾಪಸ್ ಕಳ್ಸು" ಅಂದ. ಅದೊಂದು ಹೋದರೆ ನಾಲ್ಕನೇ ಟೆಂಟಿಗೆ ಹಿಂಬದಿ ಬಟ್ಟೆ ಇಲ್ಲ. ಆಗಲ್ಲ ಅಂದೆ. ಅವನು ಅದನ್ನು ಎತ್ತಿ ಕೆಸರಿಗೆ ಎಸೆದ. ನಾನು ಕೊರಳಪಟ್ಟಿ ಹಿಡಿದೆ. ಮರುಕ್ಷಣ ಕೆನ್ನೆಗೆ ಬಿಟ್ಟ ನೋಡಿ, ಹಲ್ಲು ತಾಗಿ ಬಾಯಲ್ಲಿ ರಕ್ತ ಬಂತು. ಗೂಟ ಹೊಡೆಯುವ ಸುತ್ತಿಗೆ ನನ್ನ ಕೈಗೆ ಬಂದಿತ್ತು. ಆಳುಗಳು ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಅವತ್ತು ಅವನ ತಲೆ ನಾನೇ ಒಡೆಯುತ್ತಿದ್ದೆ.

ಅವನು ಹೋಗಿ ಪಕ್ಕದ ಹೊಲದವರ ಟಾರ್ಪಾಲು ಕೇಳಿ ತಂದು ಹಿಂಬದಿಗೆ ಕಟ್ಟಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಕೆನ್ನೆ ಊದಿತ್ತಲ್ಲ. ಅವನು ಸೌದೆ ತರಲು ಹೋದಾಗ ಕೆಸರಿನಿಂದ ಆ ಬಟ್ಟೆ ಎತ್ತಿ, ಕೊಡವಿ, ಅದೇ ಟೆಂಟಿನ ಜಮಖಾನದ ಕೆಳಗೆ ಹಾಸಿದೆ. ಬೇಕಂತಲೇ ಹಾಸಿದೆ. ಆಳುಗಳು ಸಂಜೆ ಲಾರಿಯಲ್ಲಿ ಊರಿಗೆ ಹೊರಟರು, ಕತ್ತಲಾಗುವಷ್ಟರಲ್ಲಿ ಮೈಸೂರಿನವರು ಬಂದಿಳಿದರು.

ಮಾರನೆ ದಿನ ಬಿಸಿಲು ಏರುತ್ತಿತ್ತು. ಬಂದವರೆಲ್ಲ ಮುಖ ತೊಳೆಯಲು ಹಳ್ಳಕ್ಕೆ ಹೋಗಿದ್ದರು. ಅವರ ಪೈಕಿ ವಯಸ್ಸಾದ ಹೆಂಗಸೊಬ್ಬರು ಮಾತ್ರ ನಾಲ್ಕನೇ ಟೆಂಟಿನಲ್ಲಿ ಮಲಗಿದ್ದರು. ಒಂಟಿ ಸಲಗ ಸದ್ದಿಲ್ಲದೆ ಬಂತು. ಮೂರು ಟೆಂಟು ಬಿಟ್ಟು ನೆಟ್ಟಗೆ ಅಲ್ಲಿಗೇ ಹೋಯಿತು. ಹಗ್ಗಗಳು ಪಟಪಟ ಕಿತ್ತುಬಂದವು, ಕಂಬ ಮುರಿಯಿತು, ನಿಲುವುಗನ್ನಡಿ ಚೂರಾಯಿತು. ಮಂಚದ ಕೆಳಗಿಂದ ಆ ಯಮ್ಮ ಕಿರುಚುತ್ತಿದ್ದರು. ನಾನು ನೋಡುತ್ತಾ ನಿಂತಿದ್ದೆ.

ವಾಚರಣ್ಣ ತಟ್ಟೆ ಬಡಿಯುತ್ತಾ ನನ್ನ ಪಕ್ಕದಲ್ಲೇ ಓಡಿ ನುಗ್ಗಿದ. ಆ ಯಮ್ಮನ ರಟ್ಟೆ ಹಿಡಿದು ಹೊರಗೆಳೆದು ನನ್ನ ಕಡೆ ತಳ್ಳಿದ. "ಎತ್ಕಂಡ್ ಓಡ್ಲಾ" ಅಂದ. ಎಚ್ಚರ ತಪ್ಪಿದ ಅವರನ್ನು ಹೊತ್ತು ಮರದ ಮರೆಗೆ ಸರಿದೆ. ಅಷ್ಟರಲ್ಲಿ ಸಲಗ ತಿರುಗಿತು. ಸೊಂಡಿಲಲ್ಲಿ ಬೀಸಿದ ಏಟಿಗೆ ಅವನು ಗೂಟಗಳ ಮೇಲೆ ಬಿದ್ದ. ಎದ್ದು ಕೂರಲು ನೋಡಿದ. ಅದು ಎದೆಯ ಮೇಲೆ ಕಾಲಿಟ್ಟಿತು. ಒಣಸೌದೆ ಮುರಿದ ಸದ್ದು. ಸೊಂಡಿಲಲ್ಲಿ ಎತ್ತಿ ಒಗೆಯಿತು, ಮತ್ತೆ ಬಂದು ತುಳಿಯಿತು. ಕೊನೆಗೆ ಟೆಂಟಿಗೆ ವಾಪಸ್ ಬಂದು, ಜಮಖಾನ ಸರಿಸಿ, ನಾನು ಹಾಸಿದ್ದ ಬಟ್ಟೆಯ ಮೂಲೆಯನ್ನು ಬಾಯಿಗಿಟ್ಟು ಚಪ್ಪರಿಸಿತು. ಅದನ್ನು ಎಳೆದುಕೊಂಡೇ ಪೊದೆಯೊಳಗೆ ಹೋಯಿತು. ಅದನ್ನು ನೋಡಿದವನು ನಾನೊಬ್ಬನೇ.

ಮೈಸೂರಿನವರು ಆ ಯಮ್ಮನನ್ನು ಕಾರಿಗೆ ಹಾಕಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಊರವರು ಸೇರಿದರು. ಇಷ್ಟು ಗಟ್ಟಿ ಆಸಾಮಿ ಆನೆ ಎದುರಿಗೆ ಹೆಂಗೆ ಹೋದ ಅಂತ ಒಬ್ಬ ಕೇಳಿದ. ಇನ್ನೊಬ್ಬ, "ಎಣ್ಣೆ ಆಕಂಡಿದ್ನೇನೋ" ಅಂದ. ಎಲ್ಲರೂ ನನ್ನ ಮುಖ ನೋಡಿದರು. ಎಲೆ ಅಡಿಕೆ ಬಿಟ್ಟರೆ ಇನ್ನೊಂದು ಚಟ ಇಲ್ಲದ ಮನುಷ್ಯ ಅವನು, ನನಗೆ ಗೊತ್ತಿತ್ತು. ಬಟ್ಟೆಯ ವಿಷಯ ತಿಳಿದರೆ ನನ್ನನ್ನು ಅಲ್ಲೇ ಬಡಿದು ಹಾಕುತ್ತಾರೆ ಅಂತಲೂ ಗೊತ್ತಿತ್ತು.

"ಇರಬೌದು" ಅಂದೆ.

ಆ ಒಂದು ಮಾತು ಸಾಕಾಯಿತು. ಸಂಜೆಯೊಳಗೆ ಶಾಗ್ಯದಿಂದ ಹನೂರಿನ ತನಕ ಅವನು ಕುಡಿದು ಸತ್ತವನಾಗಿಬಿಟ್ಟ. ಮಣ್ಣು ಮಾಡುವಾಗ ಅವನ ಹೆಂಡತಿ ಏನೋ ಕೇಳುವವಳ ಹಾಗೆ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಆಮೇಲೆ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆ.

ಈಗ ಮುಂದಿನ ವಾರದ ಆರ್ಡರ್ ಅಂದೆನಲ್ಲ, ಅದನ್ನು ಕೊಟ್ಟವಳು ಅವನ ಮಗಳು. ಅವಳ ಹೊಲದಲ್ಲಿ ಪ್ರವಾಸಿಗಳಿಗೆ ಮಂಚ, ಪರದೆ ಇರುವ ಆರು ಟೆಂಟು ಹಾಕಿಸಬೇಕಂತೆ. "ಅಪ್ಪನ ಜೊತೆ ಕೆಲ್ಸ ಮಾಡಿದ್ರಂತಲ್ಲ ಸಾ, ಅದ್ಕೇ ನಿಮ್ಮ್ ಹತ್ರನೇ ಬಂದೆ" ಅಂದಿದ್ದಳು. ಆ ಬಟ್ಟೆ ಮೂಸಿದ ಮೇಲೆ ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ನಿನ್ನೆ ಬಸ್ಸು ಹತ್ತಿ ಶಾಗ್ಯಕ್ಕೆ ಹೋಗಿ, ಅವಳ ಜಗಲಿಯ ಮೇಲೆ ಕೂತು, ಒಂದನ್ನೂ ಬಿಡದೆ ಹೇಳಿದೆ. ಹೊಡೆದರೆ ಹೊಡೆಸಿಕೊಳ್ಳೋಣ ಅಂತಲೇ ಹೋಗಿದ್ದೆ.

ಅವಳು ಹೊಡೆಯಲಿಲ್ಲ. ಬಯ್ಯಲೂ ಇಲ್ಲ. ಒಂದೇ ಮಾತು ಕೇಳಿದಳು.

"ಹಂಗಾರೆ ಅಪ್ಪ ಕುಡ್ದಿರ್ನಿಲ್ವಾ?"

"ಇಲ್ಲ ಕಣವ್ವ. ಅವ್ನು ಯಾವತ್ತೂ ಕುಡಿದವನಲ್ಲ."

"ಟೆಂಟ್ ನಾನು ಬ್ಯಾರೆ ಕಡೆ ನೋಡ್ಕತೀನಿ, ನೀವ್ ಓಗಿ" ಅಂದಳು. ನಾನು ಎದ್ದು ಚಪ್ಪಲಿ ಮೆಟ್ಟುವಾಗ ಮತ್ತೆ ಮಾತಾಡಿದಳು.

"ವರ್ಸ ವರ್ಸ ಹಿರೇರ ಹಬ್ಬಕ್ಕೆ ಎಡೆ ಇಡೋವಾಗ ಅವ್ವ ಅಪ್ಪನ ಪಟದ ಮುಂದೆ ಒಂದು ಬಾಟ್ಲು ಇಡೋಳು ಸಾ. ಇದ್ಕೇ ತಾನೆ ನಮ್ಮನ್ ಬಿಟ್ ಓದೆ, ಕುಡಿ, ಅಂತ ಬಯ್ಕಂಡು ಅಳೋಳು. ಓದ್ ವರ್ಸ ಅವ್ವನೂ ತೀರ್ಕಂಡ್ಲು. ಈ ಸಲ ಎಡೆ ಇಟ್ಟೋಳು ನಾನು. ನಾನೂ ಬಾಟ್ಲು ಇಟ್ಟೆ."